ಹನ್ನೊಂದು ಗಂಟೆಯ ಪಾಠ

ಮೊಬೈಲಿನಿಂದ ಮಕ್ಕಳು ಓದು ಕಲಿಯುವ ಬಗೆ ನನ್ನ ಸಂಶೋಧನೆಯ ವಿಷಯ. ಕುಂಡಯಿ ಎಂಬ ಊರಿನ ಫ್ಯಾಕ್ಟರಿ ಕೆಲಸಗಾರರ ಮಕ್ಕಳಿಗಾಗಿ ಮನೆಮನೆಯ ಫೋನಿಗೂ ಕನ್ನಡ ಓದು ಕಲಿಸುವ ಆ್ಯಪ್ ಹಾಕಿಕೊಟ್ಟಿದ್ದೆ. ಯಾರು ಯಾವಾಗ ಏನು ಓದಿದರೆಂಬ ಲೆಕ್ಕ ನನ್ನ ಲ್ಯಾಪ್‌ಟಾಪಿಗೆ ಬಂದು ಬೀಳುತ್ತಿತ್ತು. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಮೊದಲ ಪಾಠದಲ್ಲೇ ಒದ್ದಾಡುತ್ತಿದ್ದಳು. ಹಿಂದುಳಿದವರ ಪಟ್ಟಿಯಲ್ಲಿ ಅವಳನ್ನೇ ಮೊದಲು ಬರೆದೆ. ಆ ಪಟ್ಟಿ ಶಾಲೆಗೆ ತಲುಪಿದರೆ ಅವಳನ್ನು ಕೆಳಗಿನ ತರಗತಿಯಲ್ಲಿ ಕೂರಿಸುವವರಿದ್ದರು.

ಕಳಿಸುವ ಮುಂಚೆ ಹೆಸರು ಅಳಿಸಿ ಅವಳ ದಾಖಲೆಯನ್ನು ನಮ್ಮ ಆನ್‌ಲೈನ್ ಚರ್ಚಾ ಗುಂಪಿಗೆ ಹಾಕಿದೆ. ನನ್ನಂಥದೇ ಸಂಶೋಧನೆ ಮಾಡುವವರ ಗುಂಪು ಅದು. ಸಲಹೆ ಬೇಕಾಗಿತ್ತೆಂದಲ್ಲ, ಯಾರಾದರೂ ಭೇಷ್ ಎನ್ನಲಿ ಅಂತ. ಯಾವ ಊರಿನವರೋ ಒಬ್ಬರು ಒಂದೇ ಸಾಲು ಬರೆದರು: ‘ಹನ್ನೊಂದು ಗಂಟೆಗೆ ಈ ಮಗು ಶಾಲೆಯಲ್ಲಿ ಇರುವುದಿಲ್ಲವೇ?’

ಮೈಯೆಲ್ಲ ಉರಿಯಿತು. ಕೂತಲ್ಲೇ ತಪ್ಪು ಹುಡುಕುವವರಿಗೆ ಏನು ಗೊತ್ತು ಎಂದು ಖಾರವಾಗಿ ಉತ್ತರ ಬರೆಯಲು ಹೊರಟವಳು ದಾಖಲೆ ನೋಡಿದೆ. ದಿನವೂ ಬೆಳಗಿನ ಹನ್ನೊಂದು. ಭಾನುವಾರ ಏನೂ ಇಲ್ಲ. ಬರೆದ ಉತ್ತರ ಅಳಿಸಿದೆ.

ಮರುದಿನ ಮಧ್ಯಾಹ್ನದೊಳಗೆ ಶಾಲೆಗೆ ಪಟ್ಟಿ ಬೇಕಿತ್ತು. ಆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸ್ಕೂಟರ್ ಓಡಿಸಿಕೊಂಡು ಆ ಹುಡುಗಿಯ ಮನೆಗೆ ಹೋದೆ. ಮಧ್ಯಾಹ್ನದ ಎರಡನೇ ಪಾಳಿಗೆ ಹೋಗುವ ಅವಳ ತಾಯಿ ಬಾಗಿಲಿಗೆ ಬೆನ್ನು ಮಾಡಿ ಕೂತು ಮೊಬೈಲಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು. ನನ್ನನ್ನು ಕಂಡದ್ದೇ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಪಟ್ಟಿಯ ವಿಷಯ ಹೇಳಿದೆ. ಫೋನು ತಮ್ಮ ಜೊತೆ ಫ್ಯಾಕ್ಟರಿಗೆ ಹೋಗುತ್ತದೆ, ಮಗಳು ಅದನ್ನು ಮುಟ್ಟಿಯೇ ಇಲ್ಲ, ಅವಳು ಪುಸ್ತಕ ಸರಾಗವಾಗಿ ಓದುತ್ತಾಳೆ ಎಂದರು. ಮಗಳೆದುರು ಕಲಿಯಲು ನಾಚಿಕೆಯಂತೆ, ಅದಕ್ಕೇ ಭಾನುವಾರ ಪಾಠಕ್ಕೆ ರಜೆ. ನನ್ನ ಆ್ಯಪಿಗೆ ಇದೆಲ್ಲ ಹೇಗೆ ತಿಳಿಯಬೇಕು? ಕೇಳಬೇಕಾದವಳು ನಾನು, ಕೇಳಿರಲಿಲ್ಲ.

“ಆಕಿ ಹೆಸರ ತಗೀರಿ ಅಕ್ಕಾರ. ತಪ್ಪ ಮಾಡಿದಾಕಿ ನಾನು. ನನ್ನ ಹೆಸರ ಬರಕೊಳ್ರಿ.”

ಹೊಸ್ತಿಲ ಮೇಲೇ ಕೂತು ಹುಡುಗಿಯ ಹೆಸರು ಅಳಿಸಿದೆ. ತೆಗೆದೆ ಎಂದರೆ ಅವರು ನಂಬಲಿಲ್ಲ. ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತ ಮೇಲಿನಿಂದ ಕೆಳಗಿನವರೆಗೆ ಇಡೀ ಪಟ್ಟಿ ಓದಿದರು. ಮಗಳ ಹೆಸರು ಎಲ್ಲೂ ಇರಲಿಲ್ಲ.