ಇಳಿಜಾರಿನ ಮೇಸ್ತ್ರಿ

ಈ ಗಾರೆ ಮೇಸ್ತ್ರಿಗೆ ಹಸಿ ಮಣ್ಣು ಕಂಡರೆ ಸಾಕು, ಕೈ ತುರಿಸುತ್ತದೆ. ಬೀದಿಯಲ್ಲಿ ಯಾರ ಮನೆಯ ಮುಂದಾದರೂ ನಾಲ್ಕು ಗಿಡ ಉಳಿದಿದ್ದರೆ ಗೇಟು ಹಿಡಿದು ನಿಂತು, "ಏನಣ್ಣಾ, ಅಷ್ಟು ಚೆಂದದ ಕಾರು ಬೀದೀಲಿ, ಎರೆಹುಳಕ್ಕೆ ಅಂಗಳ! ಕಾಂಕ್ರೀಟು ಬಡಿದುಬಿಡೋಣ" ಎಂದು ಹುರಿದುಂಬಿಸುತ್ತಾನೆ. ಗುಲಾಬಿ ಕೀಳುವಾಗ ಗೊಣಗುವ ಅಜ್ಜಿಗೆ, "ಗುಲಾಬಿ ಏನು ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗುತ್ತಾ ಅಜ್ಜೀ?" ಎನ್ನುತ್ತಾನೆ. ಕೆಲಸ ಮುಗಿದ ಮೇಲೆ ಒಂದು ಚೊಂಬು ನೀರು ಸುರಿದು ಮನೆಮಂದಿಗೆಲ್ಲ ತೋರಿಸದಿದ್ದರೆ ಅವನಿಗೆ ಉಂಡದ್ದು ಅರಗದು. "ನೋಡಿ ನನ್ನ ಇಳಿಜಾರು! ಒಂದು ತೊಟ್ಟೂ ಒಳಗೆ ನಿಲ್ಲಲ್ಲ." ಆ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳಬಾರದು. ಬೀದಿಯ ಕೊನೆಯಲ್ಲಿ, ಎಲ್ಲಕ್ಕಿಂತ ತಗ್ಗಿನಲ್ಲಿರುವುದು ಅವನದೇ ಮನೆ. ಮೂವತ್ತು ಅಂಗಳ ಮುಚ್ಚಿದ ಮೇಲೆ ನಾಲ್ಕು ಹನಿ ಬಿದ್ದರೂ ಅವನ ಅಡುಗೆಮನೆಯಲ್ಲಿ ಪಾತ್ರೆಗಳು ದೋಣಿಯಾಗುತ್ತವೆ. "ಬಂತು ನೋಡಿ, ನಿಮ್ಮ ಇಳಿಜಾರು!" ಎಂದು ಹೆಂಡತಿ ಬಕೆಟ್ಟು ಕೈಗೆ ತುರುಕುತ್ತಾಳೆ. "ಮಳೆಗೇ ಬುದ್ಧಿಯಿಲ್ಲ ಕಣೇ" ಎಂದು ಅವನು ಮೊಗೆಯುತ್ತಾನೆ. ಅವನ ಮನೆಗೆ ತಾಗಿದ ಹೊಲಿಗೆಯಕ್ಕನ ಅಂಗಳವೊಂದೇ ಇನ್ನೂ ಮಣ್ಣು. ಅಷ್ಟೋ ಇಷ್ಟೋ ನೀರು ಕುಡಿಯುವುದು ಅದೊಂದೇ. "ಮಗ ಕಾರು ತಂದಿದ್ದಾನೆ, ನಮ್ಮದಕ್ಕೂ ಕಾಂಕ್ರೀಟು ಹಾಕಪ್ಪಾ" ಎಂದು ಆಕೆ ಮೂರು ವರ್ಷದಿಂದ ಅಂಗಲಾಚುತ್ತಿದ್ದಾಳೆ. ಮೇಸ್ತ್ರಿ ಪ್ರತಿ ಸಲವೂ ಬಗ್ಗಿ, ಒಂದು ಹಿಡಿ ಮಣ್ಣು ಹಿಸುಕಿ ನೋಡಿ, ಗಂಭೀರವಾಗಿ ತಲೆಯಾಡಿಸುತ್ತಾನೆ: "ಇನ್ನೂ ಹದ ಬಂದಿಲ್ಲ ಅಕ್ಕಾ."