ನಾಲ್ಕು ಬೆರಳು ಮಡಿಕೆ

ಬೇರೆ ದೇಶದಲ್ಲಿ ಎಂಟು ವರ್ಷದ ಹುಡುಗ ಎಷ್ಟು ಎತ್ತರ ಇರಬಹುದು? ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ಕಳೆದ ರಂಜಾನಿನಲ್ಲಿ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದು ದಾರ, ಗುಂಡಿ, ಜಿಪ್ಪು, ಎಲಾಸ್ಟಿಕ್ ಮಾರುವ ಅಂಗಡಿ. ಸುತ್ತಮುತ್ತ ಜೀನ್ಸ್ ಹೊಲಿಯುವ ಯೂನಿಟ್‌ಗಳು. ಎದುರು ಯೂನಿಟ್ಟಿನ ಒಡತಿಯನ್ನು ಇಡೀ ಓಣಿ ಆಪಾ, ಅಂದರೆ ಅಕ್ಕ, ಎನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಹಬ್ಬದ ಮುಂಚೆ ಅವರಿಗೆ ಎಷ್ಟು ಜಿಪ್ಪು ಕೊಟ್ಟರೂ ಸಾಲದು. ಆ ದಿನ ಜಿಪ್ಪಿನ ಕಡೆ ತಿರುಗಿಯೂ ನೋಡದೆ ಬರೀ ಎಲಾಸ್ಟಿಕ್ ಕೇಳಿದರು. ನಾನು ಸುಮ್ಮನೆ ಕೊಟ್ಟು ಕಳಿಸುವ ಆಸಾಮಿಯಲ್ಲ. ಯಾಕೆ, ಯಾರಿಗೆ, ಎಲ್ಲಿಗೆ ಎಂದು ಕೇಳಿದೆ.

"ಹುಡುಗ್ರಿಗೆ ಪ್ಯಾಂಟ್ ಹೊಲೀಬೇಕ್ರಿ ಅಣ್ಣಾರ. ಯುದ್ಧದಾಗ ಮನಿ ಕಳ್ಕೊಂಡು ಡೇರೆದಾಗ ಅದಾರಂತ. ಹಬ್ಬಕ್ಕ ಮೈಮ್ಯಾಲೆ ಹೊಸದು ಬೇಕಲ್ರಿ. ಅಳತಿ ಗೊತ್ತಿಲ್ಲ. ಎಲಾಸ್ಟಿಕ್ ಹಾಕಿದ್ರ ದಪ್ಪ ಇದ್ರೂ ನಡೀತೈತಿ, ಸಣಕ ಇದ್ರೂ ನಡೀತೈತಿ."

ಆಪಾನ ತಮ್ಮ ಕೊಲ್ಲಿ ದೇಶದ ಒಂದು ಊರಲ್ಲಿ ಪರಿಹಾರ ಸಂಸ್ಥೆಯೊಂದರ ಗೋದಾಮು ನೋಡಿಕೊಳ್ಳುತ್ತಾನೆ. ರಂಜಾನ್ ಬಂತೆಂದರೆ ಪರಿಚಯದವರನ್ನೆಲ್ಲ ಫೋನಿನಲ್ಲಿ ಗುಡ್ಡೆ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹೊರಿಸುತ್ತಾನೆ. ಇಂಗ್ಲೆಂಡಿನವರಿಗೆ ಕಂಬಳಿ, ಮಲೇಷ್ಯಾದವರಿಗೆ ಹಾಲಿನ ಪುಡಿ, ನಮ್ಮ ಬಳ್ಳಾರಿಗೆ ಪ್ಯಾಂಟು. ಅವನ ಗೋದಾಮಿನಿಂದ ಈದ್ ಮುಂಚೆ ಹೊರಡುವ ಕಂಟೇನರಿಗೆ ಎಲ್ಲವೂ ಸೇರಬೇಕು, ತಪ್ಪಿದರೆ ಹಬ್ಬವೇ ತಪ್ಪಿದಂತೆ.

ಅವರ ವಿಡಿಯೊ ಸಭೆಗೆ ಆಪಾನ ಜೊತೆ ನಾನೂ ಹೋಗಿ ಕೂತೆ. ಉಪವಾಸ ಬಿಡುವಾಗ ಕೊಡುವ ಗಂಜಿಯ ಆಸೆ ಅರ್ಧ, ಕುತೂಹಲ ಅರ್ಧ. ನಮ್ಮಲ್ಲಿ ರೋಜಾ ಬಿಟ್ಟು ಲೋಟ ಖಾಲಿಯಾಗಿತ್ತು. ಮಲೇಷ್ಯಾದವರು ಉಂಡು ಆಕಳಿಸುತ್ತಿದ್ದರು. ಇಂಗ್ಲೆಂಡಿನವರ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು, ಪಾಪ, ತುಟಿ ಒಣಗಿಸಿಕೊಂಡೇ ಮಾತಾಡುತ್ತಿದ್ದರು. ನಡುವೆ ತಮ್ಮನ ಊರಲ್ಲಿ ಮಸೀದಿಯ ಬಾಂಗ್ ಕೇಳಿಸಿತು. ಅವನು ಖರ್ಜೂರ ಬಾಯಿಗಿಟ್ಟು ನೀರು ಕುಡಿಯುವವರೆಗೂ ಎಲ್ಲ ದೇಶದವರೂ ಕಾದರು. ಒಂದೇ ಉಪವಾಸ ಹಿಡಿದವರು ಒಟ್ಟಿಗೆ ಬಿಡಲಾಗುವುದಿಲ್ಲ ಎಂಬುದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಕಡೆಗೆ ಎಂಟು ವರ್ಷದ ಹುಡುಗನ ಎತ್ತರದ ನನ್ನ ಪ್ರಶ್ನೆ ಮುಂದಿಟ್ಟೆ. ಯಾರಿಗೂ ಗೊತ್ತಿರಲಿಲ್ಲ. "ನಮ್ಮ ಹುಡುಗ್ರ ಇದ್ದಂಗ ಇರ್ತಾರ್ರಿ" ಎಂದ ತಮ್ಮ.

ಹಾಗಾಗಿ ಓಣಿಯ ಮಕ್ಕಳನ್ನೇ ಗೋಡೆಗೆ ನಿಲ್ಲಿಸಿ ಅಳೆದೆವು. ಬಟ್ಟೆ ಕತ್ತರಿಸಿದ್ದು ಆಪಾ. ಯೂನಿಟ್ಟಿನ ಮಿಷನ್ನುಗಳಿಗೆ ಹಬ್ಬದ ಆರ್ಡರಿನಿಂದ ಬಿಡುವಿರಲಿಲ್ಲ, ಹಾಗಾಗಿ ಹೊಲಿಗೆಗೆ ಒಂದು ಗಂಟು ಸಿರುಗುಪ್ಪದ ಅವರ ನಾದಿನಿ ಮನೆಗೆ, ಇನ್ನೊಂದು ಕುರುಗೋಡಿನ ನನ್ನ ಅಕ್ಕನ ಮನೆಗೆ ಹೋಯಿತು. ಬಸ್ಸಿನಲ್ಲಿ ಹೊತ್ತುಕೊಂಡು ಹೋದವನೂ ತಂದವನೂ ನಾನೇ. ಹೊಲಿದು ಬಂದದ್ದನ್ನು ಬಿಚ್ಚಿ ನೋಡಿದರೆ ಸಿರುಗುಪ್ಪದ್ದಿರಲಿ ಕುರುಗೋಡಿನದಿರಲಿ, ಪ್ರತಿ ಪ್ಯಾಂಟಿನ ಕೆಳಗೂ ನಾಲ್ಕು ಬೆರಳಗಲ ಬಟ್ಟೆ ಒಳಕ್ಕೆ ಮಡಚಿ, ಎಳೆದರೆ ಬಿಚ್ಚುವ ಹಾಗೆ ಕೈಯಲ್ಲಿ ಉದ್ದುದ್ದ ಹೊಲಿಗೆ ಹಾಕಿದ್ದರು. ಆಪಾ ಉದ್ದ ಕತ್ತರಿಸಿದ್ದರೇ ಹೊರತು ಮಡಚಿ ಎಂದು ಯಾರಿಗೂ ಹೇಳಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಕೇಳಿದೆ. "ಹೇಳೋದೇನೈತಿ ಅದರಾಗ? ಬೆಳಿಯೋ ಹುಡುಗ್ರಲ್ಲೇನು?" ಎಂದು ನನ್ನನ್ನೇ ಗದರಿಸಿದಳು.

ನನ್ನ ಸಾಲಿ ಪ್ಯಾಂಟುಗಳೂ ಹಾಗೇ ಇದ್ದವು. ಅವ್ವ ವರ್ಷಕ್ಕೊಮ್ಮೆ ಮಡಿಕೆ ಬಿಚ್ಚುತ್ತಿದ್ದಳು. ಮೇಲಿನ ಬಟ್ಟೆ ಮಾಸಿ, ಬಿಚ್ಚಿದ ಜಾಗ ಹೊಸದಾಗಿ, ನಡುವೆ ಒಂದು ಗೆರೆ ಉಳಿಯುತ್ತಿತ್ತು. ನನಗೆ ಆ ಗೆರೆಯೆಂದರೆ ನಾಚಿಕೆ. ಆಪಾ ಕೂಡ ಒಂದೇ ಈದಿನ ಸಲ್ವಾರನ್ನು ಮುಂದಿನ ಈದಿಗೂ ಅದರ ಮುಂದಿನದಕ್ಕೂ ಬಿಚ್ಚಿ ಬಿಚ್ಚಿ ಉಟ್ಟವರಂತೆ.

ಎಲ್ಲ ಪೆಟ್ಟಿಗೆ ಕಟ್ಟುವ ಮುಂಚೆ ಮಾದರಿಗೆಂದು ಒಂದು ಪ್ಯಾಂಟನ್ನು ಕೊರಿಯರಿನಲ್ಲಿ ಕಳಿಸಿದೆವು. ಅದು ತಲುಪಿದ ಮೇಲೆ ಸಂಸ್ಥೆಯ ಮೇಲ್ವಿಚಾರಕಿ ತಮ್ಮನ ಫೋನಿನಲ್ಲಿ ಕಾಣಿಸಿಕೊಂಡರು. ಅವರದು ಇಂಗ್ಲಿಷು, ತಮ್ಮ ಅದನ್ನು ಆಪಾಗೆ ದಾಟಿಸುತ್ತಿದ್ದ. ಪ್ಯಾಂಟಿನ ಕೆಳಭಾಗ ತಿರುವಿ, ಇಷ್ಟು ಬಟ್ಟೆ ಒಳಗೆ ಯಾಕೆ ದಂಡವಾಗಿದೆ ಎಂದು ಕೇಳಿದರು. ಇದನ್ನು ಕತ್ತರಿಸಿದ್ದರೆ ಇನ್ನೂ ಕೆಲವು ಮಕ್ಕಳಿಗೆ ಆಗುತ್ತಿತ್ತು, ಎಲ್ಲವನ್ನೂ ಸರಿಮಾಡಿ ಕಳಿಸಿ ಎಂದರು. ಮಾತು ನ್ಯಾಯವಾಗಿಯೇ ಇತ್ತು. "ಖರೆ ಐತಲ್ರಿ ಆಪಾ" ಎಂದು ನಾನು ಮೆಲ್ಲಗೆ ಅಂದೆ.

"ನೀವ್ ಸುಮ್ಕಿರ್ರಿ" ಎಂದು ಆಪಾ ನನ್ನ ಬಾಯಿ ಮುಚ್ಚಿಸಿ, ತಮ್ಮನಿಗೆ ಹೇಳಿದರು: "ಕೇಳು ಅವರಿಗೆ. ಆ ಹುಡುಗ್ರಿಗೆ ಮತ್ತ ಹೊಸ ಪ್ಯಾಂಟ್ ಯಾವಾಗ ಸಿಗ್ತೈತಿ?"

ಹೇಳಲಾಗದು ಎಂಬ ಉತ್ತರ ಬಂತು.

"ಮತ್ತ, ಅಲ್ಲೀಮಟ ಅವು ಬೆಳಿಯೋದಿಲ್ಲೇನು?"

ತಮ್ಮ ಇದನ್ನು ದಾಟಿಸಿದ. ನಾನು ಫೋನಿಗೆ ಬಗ್ಗಿ ನೋಡಿದೆ. ಆ ಹೆಣ್ಣುಮಗಳು ಪ್ಯಾಂಟನ್ನು ಮೇಜಿನ ಮೇಲೆ ಹಾಸಿಕೊಂಡು ಮಡಿಕೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಆಮೇಲೆ ಪೆಟ್ಟಿಗೆಗಳು ತಡವಾಗದಿರಲಿ ಎಂದಷ್ಟೇ ಹೇಳಿ ಎದ್ದರು.

ನನಗೋ ಪ್ಯಾಂಟು ಸಿಗದೆ ಉಳಿಯುವ ಆ ಕೆಲವು ಮಕ್ಕಳ ಚಿಂತೆ ಬಿಡಲಿಲ್ಲ. ಆಪಾಗೂ ಬಿಟ್ಟಿರಲಿಲ್ಲ ಎಂದು ಮಾರನೆಯ ದಿನ ತಿಳಿಯಿತು. ಹಬ್ಬದ ಆರ್ಡರಿಗೆ ಇಟ್ಟಿದ್ದ ಬಟ್ಟೆಯ ತಾನುಗಳನ್ನೇ ಇಳಿಸಿ ಕತ್ತರಿ ಹಾಕಿದ್ದರು. ಗಿರಾಕಿಗಳು ಬಾಯಿಗೆ ಬಂದಂತೆ ಅಂದು ಹೋದರು, ಆಪಾ ತಲೆ ಎತ್ತಲಿಲ್ಲ. ಆ ಹೊಸ ಪ್ಯಾಂಟುಗಳಿಗೂ ನಾಲ್ಕು ಬೆರಳು ಬಿಟ್ಟಿದ್ದನ್ನು ಕಂಡು ನನಗೆ ನಗು ಬಂತು, ಹೆಮ್ಮೆಯೂ ಆಯಿತು. ಪೆಟ್ಟಿಗೆಗಳು ಕಂಟೇನರಿಗೆ ಸೇರಿದವು.

ಈದ್ ಕಳೆದು ಒಂದು ಫೋಟೊ ಬಂತು. ಮಕ್ಕಳ ಮುಖ ತೆಗೆಯಬಾರದೆಂದು ಅಲ್ಲಿ ನಿಯಮವಂತೆ. ಹಾಗಾಗಿ ಸೊಂಟದಿಂದ ಕೆಳಗೆ ಬರೀ ಕಾಲುಗಳು, ಸಾಲಾಗಿ ನಮ್ಮ ಪ್ಯಾಂಟುಗಳು. ನನ್ನ ಎಂಟು ವರ್ಷದವನು ಇವರಲ್ಲಿ ಯಾರು ಎಂದು ಹುಡುಕುತ್ತ ಫೋಟೊ ದೊಡ್ಡದು ಮಾಡಿದೆ. ಕೊನೆಯ ಹುಡುಗನ ಪ್ಯಾಂಟಿನಲ್ಲಿ ಮಡಿಕೆ ಇರಲಿಲ್ಲ. ಕಾಲಿನ ಮೇಲೆ ಮಡಚಿದ ಗೆರೆ, ಗೆರೆಗುಂಟ ಸೂಜಿಯ ತೂತುಗಳು. ಕೊಟ್ಟದ್ದು ಗಿಡ್ಡವಾಗಿರಬೇಕು, ಯಾರೋ ಆಗಲೇ ಬಿಚ್ಚಿ ಉದ್ದ ಮಾಡಿದ್ದರು.

"ಒಳಗ ಬಟ್ಟಿ ಐತಿ ಅಂತ ಯಾರ್ ಹೇಳಿದ್ರು ಇವರಿಗೆ?" ಎಂದೆ.

ಆಪಾ ನನ್ನ ಕೈಯಿಂದ ಫೋನ್ ತಗೊಂಡು ನೋಡಿದರು. "ಬಿಚ್ಚಿದಾಕಿನೂ ತಾಯಿ ಅಲ್ಲೇನ್ರಿ" ಎಂದರು. ಅವರ ಕಣ್ಣು ತುಂಬಿತ್ತು, ನನ್ನದೂ. ಅಲ್ಲೇ ನಿಂತು ತಮ್ಮನಿಗೆ ಫೋನ್ ಹಚ್ಚಿದರು.

"ಬರೋ ರಂಜಾನಿಗೆ ಇದ ಹುಡುಗ್ರ ಫೋಟೊ ಬೇಕು ನನಗ. ಮಕ ಬ್ಯಾಡ, ಕಾಲು ಸಾಕು. ಎಲ್ಲಾರ ಪ್ಯಾಂಟಿಗೂ ಗೆರಿ ಬಿದ್ದೈತೋ ಇಲ್ಲೋ ನೋಡಬೇಕು."

ಅಷ್ಟೊತ್ತಿಗೆ ಯಾರು ಎಲ್ಲಿರುತ್ತಾರೋ ಎಂದು ತಮ್ಮ ಏನೋ ಹೇಳಲು ಹೋಗಿ, ನಿಲ್ಲಿಸಿ, ನೋಡೋಣ ಎಂದ.

ಈಗ ಮತ್ತೆ ರಂಜಾನ್. ಮೊನ್ನೆ ಆಪಾ ಅಂಗಡಿಗೆ ಬಂದು ಎಲಾಸ್ಟಿಕ್ ಕೇಳಿದರು. ಕಂಡದ್ದನ್ನೆಲ್ಲ ಕೇಳುವ ನಾನು, ಫೋಟೊ ಬಂತೇನ್ರಿ ಎಂದು ಕೇಳಲು ಬಾಯಿ ಬಾರದೆ, ಅಳೆದು ಕೊಟ್ಟು ಕಳಿಸಿದೆ.