ಕೇಳಿದ ತಕ್ಷಣ ಚೆಂಡು ಕೊಟ್ಟವನು

ಕ್ಯಾಲಿಫೋರ್ನಿಯಾದ ವಾಲ್‌ನಟ್ ಎಂಬ ಊರಿನ ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಒಂದು ಕಟ್ಟಳೆ ನಡೆದುಕೊಂಡು ಬಂದಿತ್ತು. ಭಾನುವಾರ ಬೆಳಿಗ್ಗೆ ವುಡ್‌ಲ್ಯಾಂಡ್ ಹಿಲ್ಸ್‌ನ ಪಾರ್ಕಿನಲ್ಲಿ ನಾನು ಆಫ್ ಸ್ಪಿನ್ ಹಾಕುವುದು, ನನ್ನ ಹೆಂಡತಿ ಮಡಚುವ ಕುರ್ಚಿಯಲ್ಲಿ ಕೂತು ಸ್ಕೋರ್ ಬರೆಯುವುದು. ನನಗೆ ವಿಕೆಟ್ ಬಿದ್ದರೆ ಮಾತ್ರ ಅವಳು ಕೆಂಪು ಪೆನ್ನು ತೆಗೆಯುತ್ತಿದ್ದಳು. ಆ ಪೆನ್ನು ಬಹಳ ಬಾಳಿಕೆ ಬಂತೆಂದು ತಂಡದವರು ಆಡಿಕೊಳ್ಳುತ್ತಿದ್ದುದು ಬೇರೆ ಮಾತು.

2020ರಲ್ಲಿ ಪಾರ್ಕಿಗೆ ಬೀಗ ಬಿತ್ತು. ಕೈ ಸುಮ್ಮನಿರದ ಅವಳು ಟೀವಿಯಲ್ಲಿ ಬೇಸ್‌ಬಾಲ್ ನೋಡಿ ಸ್ಕೋರ್ ಬರೆಯತೊಡಗಿದಳು. ಖಾಲಿ ಸ್ಟೇಡಿಯಂನಲ್ಲಿ ಆಡುವವರನ್ನು ಕಂಡು ನಾನೂ ಉದಾರವಾಗಿ ಮರುಗಿದೆ. ಆಮೇಲೆ ಜಪಾನಿನಿಂದ ಸ್ಯಾನ್ ಡಿಯಾಗೊ ತಂಡಕ್ಕೆ ಒಬ್ಬ ಪಿಚರ್, ಅಂದರೆ ಆ ಆಟದ ಬೌಲರ್, ಬಂದ. ನಮ್ಮ ಪಾರ್ಕು ಮತ್ತೆ ತೆರೆಯಿತು. ಕುರ್ಚಿ ಗ್ಯಾರೇಜಿನಲ್ಲೇ ಉಳಿಯಿತು. ನನಗೆ ಆ ಕುರ್ಚಿ ವಾಪಸ್ ಬೇಕಿತ್ತು, ಅದರ ಮೇಲೆ ಕೂರುವವಳ ಸಮೇತ.

ಆ ಪಿಚರ್‌ನ ಚರಿತ್ರೆ ದಿನವೂ ಉಪ್ಪಿಟ್ಟಿನ ಜೊತೆ ನನ್ನ ತಟ್ಟೆಗೆ ಬೀಳತೊಡಗಿತು. ಅಪ್ಪ ಬಂದರಿನಲ್ಲಿ ದೋಣಿ ರಿಪೇರಿ ಮಾಡುವವನು. ಹೈಸ್ಕೂಲು ತಂಡದಲ್ಲಿ ಎರಡು ವರ್ಷ ಮೈದಾನ ಗುಡಿಸಿದ್ದೇ ಕೆಲಸ. ಆಮೇಲೆ ಒಂದು ಕಾರ್ಖಾನೆಯ ತಂಡ, ಅಲ್ಲಿಂದ ವೃತ್ತಿಪರ ಲೀಗ್, ಮೊಣಕೈ ಆಪರೇಷನ್, ತಿಂಗಳುಗಟ್ಟಲೆ ಎಡಗೈಯಲ್ಲಿ ಊಟ, ಮೂವತ್ತೆರಡಕ್ಕೆ ಅಮೆರಿಕ. ನನ್ನ ಭುಜವೂ ನೋಯುತ್ತದೆ. ಅದಕ್ಕೆ ಚರಿತ್ರೆ ಇಲ್ಲ, ಮುಲಾಮು ಇದೆ.

ಮೊಣಕೈ ಮಡಚಿ ಎಸೆಯುವುದು ಕ್ರಿಕೆಟ್ಟಿನಲ್ಲಿ ನೋಬಾಲ್ ಎಂದು ನಾನು ಧರ್ಮಶಾಸ್ತ್ರ ಹೇಳಿದೆ. ಅವಳು ಎರಡು ಟಿಕೆಟ್ ಬುಕ್ ಮಾಡಿದಳು.

ಹೀಗೆ ಒಂದು ಶನಿವಾರ ಸ್ಯಾನ್ ಡಿಯಾಗೊಗೆ ಹೊರಟೆವು. ಡೆಲ್ ಮಾರ್ ಬಳಿ ಸಮುದ್ರ ಕಂಡಾಗಲೂ ಅವಳು ನೋಡುತ್ತಿದ್ದುದು ಫೋನನ್ನು: ಅವನ ಬೆರಳಿನ ಉಗುರು ಸೀಳಿದೆಯಂತೆ. ಅವನಿಗೆ ಕೆಟ್ಟದಾಗಲಿ ಎಂದು ನಾನು ಪ್ರಾರ್ಥಿಸಲಿಲ್ಲ. ದೇವರಿಗೆ ಅಷ್ಟು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಕೇಳದ ವರ ಮೂರನೇ ಇನ್ನಿಂಗ್ಸಿನಲ್ಲಿ ಸಿಕ್ಕಿತು. ಮೇಲಿಂದ ಮೇಲೆ ಎರಡು ಚೆಂಡು ಗ್ಯಾಲರಿ ಸೇರಿದವು. ಪಿಚರ್‌ನನ್ನು ಬದಲಾಯಿಸಲು ತಂಡದ ಮ್ಯಾನೇಜರ್ ನಡೆದು ಬಂದು ಚೆಂಡಿಗೆ ಕೈ ಚಾಚಿದ. ಜಪಾನಿನವನು ಚೆಂಡನ್ನು ಆ ಅಂಗೈಯಲ್ಲಿಟ್ಟು, ಟೋಪಿ ಮುಟ್ಟಿ, ತಲೆ ಬಾಗಿಸಿ ಹೊರನಡೆದ. ನಾನು ಮುಖದಲ್ಲಿ ಸಂತಾಪ ಸಿದ್ಧಪಡಿಸಿಕೊಂಡು ತಿರುಗಿದೆ. ಹೆಂಡತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

"ಹೊಡೆಸ್ಕೊಂಡು ಹೋಗೋನಿಗೆ ಚಪ್ಪಾಳೆನಾ?" ಎಂದೆ.

"ಕೇಳಿದ ತಕ್ಷಣ ಕೊಟ್ಟ ನೋಡ್ರೀ. ನೀವು ಹದಿನೈದು ವರ್ಷದಲ್ಲಿ ಒಂದ್ಸಲನಾದ್ರೂ ಕೊಟ್ಟಿದ್ದೀರಾ? ನಿಮ್ಮ ಕ್ಯಾಪ್ಟನ್ ಚೆಂಡು ಬೇಡ್ಕೊಳ್ಳೋದು ನೋಡಕ್ಕಾಗ್ದೆ ನಾನು ತಲೆ ಬಗ್ಗಿಸ್ಕೊಂಡು ಬರೀತಿದ್ದೆ."

ನಿಜವೇ. ಇನ್ನೊಂದೇ ಓವರ್ ಎಂಬುದು ನನ್ನ ನಿತ್ಯಮಂತ್ರ. ತಂಡಕ್ಕೆ ಚೆಂಡು ತರುವವನು ನಾನೇ ಆದ್ದರಿಂದ ವಾದ ಬೇಗ ಮುಗಿಯುತ್ತಿತ್ತು.

ಮರುದಿನ ಪಾರ್ಕಿನಲ್ಲಿ ನನ್ನ ಒಂದೇ ಓವರಿಗೆ ಮೂರು ಸಿಕ್ಸರ್ ಹೋದವು. ನನ್ನ ಅರ್ಧ ವಯಸ್ಸಿನ ಕ್ಯಾಪ್ಟನ್ ಬಂದು, "ಅಂಕಲ್, ಸಾಕು, ಕೊಡಿ" ಎಂದ. ಅಭ್ಯಾಸಬಲದಿಂದ ಕೇಳಿಸದವನಂತೆ ನಿಂತೆ. ಎರಡನೇ ಸಲಕ್ಕೆ ಕೊಟ್ಟೆ. ಟೋಪಿಯನ್ನೂ ಮುಟ್ಟಿಕೊಂಡೆ. ಅವನು ಗಾಬರಿಯಾಗಿ ಎದೆನೋವೇನಾದರೂ ಇದೆಯೇ ಎಂದು ವಿಚಾರಿಸಿದ. ಹೆಂಡತಿಯ ಬದಲಿಗೆ ಸ್ಕೋರ್ ಬರೆಯುತ್ತಿದ್ದ ಪಿಎಚ್‌ಡಿ ವಿದ್ಯಾರ್ಥಿ ತಲೆ ಎತ್ತಲಿಲ್ಲ.

ಮನೆಗೆ ಬಂದು ವರದಿ ಒಪ್ಪಿಸಿದೆ. ಹೆಂಡತಿ ಟೀವಿಯ ಸದ್ದು ತಗ್ಗಿಸಿದಳು. ಅಷ್ಟು ಗೌರವ ಸಿಕ್ಕು ಬಹಳ ದಿನವಾಗಿತ್ತು.

"ಕೇಳಿದ ತಕ್ಷಣನಾ?"

ಸುಳ್ಳು ಹೇಳಬಹುದಿತ್ತು. ಎರಡನೇ ಸಲಕ್ಕೆ ಎಂದೆ.

"ಅವನು ಮೊದಲ್ನೇ ಸಲಕ್ಕೇ ಕೊಟ್ಟ," ಎಂದವಳು ಸದ್ದು ಏರಿಸಿದಳು.